ಬಾವನ ಕಲ್ಲು ಡಬ್ಬಿಗೆ ಬಂತು, ನನ್ನದು ಒಳಗೇ ಉಳಿಯಿತು

ಸುಂಟಿಕೊಪ್ಪದ ಹತ್ತಿರವಿರುವ ನನ್ನ ಬಾವನ ಮನೆಗೆ ಯಾರೇ ಹೋದರೂ ಕಾಫಿಯ ಲೋಟದ ಜೊತೆಗೇ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯೂ ಜಗಲಿಗೆ ಬರುತ್ತದೆ. ಅದರೊಳಗೆ ಹಳೆಯ ಬೆಲ್ಲದ ಚೂರುಗಳಂತೆ ಕಾಣುವ ಕಂದು ಬಣ್ಣದ ತುಣುಕುಗಳಿವೆ. ಕೆಲವು ಕಾಳುಮೆಣಸಿನಷ್ಟು, ಒಂದೆರಡು ಅದಕ್ಕಿಂತ ದಪ್ಪ, ತಳದಲ್ಲಿ ಒಂದಿಷ್ಟು ನುಣ್ಣನೆಯ ಪುಡಿ. ಬಾವ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿ, "ಇದೆಲ್ಲ ನನ್ನ ಎಡಗಿಡ್ನಿಯಲ್ಲಿತ್ತು, ಒಂದು ಚೂರೂ ಬಿಡದೆ ತೆಗೆದರು" ಎಂದು ಹೇಳಿ, ನಾನು ಅಲ್ಲೇ ಕುಳಿತಿದ್ದರೆ ನನ್ನ ಕಡೆ ನೋಡಿ, "ಇವನದ್ದು ಪೂರ್ತಿ ಬರಲಿಲ್ಲ" ಎಂದು ಸೇರಿಸುತ್ತಾರೆ. ನಮ್ಮಿಬ್ಬರಿಗೂ ಆಪರೇಷನ್ ಆದದ್ದು ಮೈಸೂರಿನ ಒಂದೇ ಆಸ್ಪತ್ರೆಯಲ್ಲಿ, ಒಬ್ಬರೇ ವೈದ್ಯರಿಂದ, ಐದು ವಾರಗಳ ಅಂತರದಲ್ಲಿ. ಇಬ್ಬರ ಬೆನ್ನಿನಲ್ಲೂ ಕಿರುಬೆರಳ ಉಗುರಿನಷ್ಟು ಅಗಲದ ಒಂದೊಂದು ಗಾಯದ ಗುರುತಿದೆ. ಆದರೂ ಫಲಿತಾಂಶ ಬೇರೆಯಾಯಿತು.

ಇದಕ್ಕೆ ಊರಿನಲ್ಲಿ ಕಾರಣಗಳು ಬೇಕಾದಷ್ಟು ಸಿಕ್ಕಿದವು. ಬಾವ ಎರಡು ತಿಂಗಳು ಬಾಳೆದಿಂಡಿನ ರಸ ಕುಡಿದಿದ್ದರು, ನಾನು ಕುಡಿದಿರಲಿಲ್ಲ ಎಂದು ಅಕ್ಕ ಹೇಳಿದಳು. ಆ ದಿನ ಡಾಕ್ಟರ ಕೈಗುಣ ಸರಿಯಿರಲಿಲ್ಲ ಎಂದರು ನೆರೆಮನೆಯವರು. ಮಿಷನ್ ಹಳತಾಗಿರಬೇಕು, ಮಂಗಳೂರಿಗೆ ಹೋಗಬೇಕಿತ್ತು ಎಂದವರೂ ಇದ್ದರು. ನಾನು ಮೂವತ್ತು ವರ್ಷ ಎಕ್ಸ್-ರೇ ತಂತ್ರಜ್ಞನಾಗಿ ಕೆಲಸ ಮಾಡಿ, ಈಗ ನಿವೃತ್ತನಾಗಿ ಎರಡು ಎಕರೆ ಕಾಫಿ ತೋಟ ನೋಡಿಕೊಂಡಿರುವವನು. ಸಾವಿರಾರು ಜನರ ಕಿಡ್ನಿ ಕಲ್ಲುಗಳನ್ನು ಕತ್ತಲೆ ಕೋಣೆಯ ಒದ್ದೆ ಫಿಲಂನಲ್ಲಿ ಮೊದಲು ಕಂಡವನು ನಾನೇ ಆಗಿದ್ದರೂ, ನನ್ನದೇ ಕಲ್ಲು ಏಕೆ ಉಳಿಯಿತು ಎಂಬುದನ್ನು ಸಮಾಧಾನವಾಗಿ ಯೋಚಿಸಿದ್ದು ಎಲ್ಲ ಮುಗಿದ ಮೇಲೆ. ಯೋಚಿಸಿದಾಗ ತಿಳಿದದ್ದಿಷ್ಟು: ನಮ್ಮಿಬ್ಬರ ಫಲಿತಾಂಶದ ವ್ಯತ್ಯಾಸದಲ್ಲಿ ಬಹುಪಾಲು, ನಾವು ಆಪರೇಷನ್ ಟೇಬಲ್ ಮೇಲೆ ಮಲಗುವ ಮೊದಲೇ ಸಿಟಿ ಸ್ಕ್ಯಾನಿನಲ್ಲಿ ಬರೆದಿಟ್ಟಂತೆ ಇತ್ತು.

ಮೊದಲು ಈ ಚಿಕಿತ್ಸೆಯ ಬಗ್ಗೆ ಎರಡು ಮಾತು. ಹೊಟ್ಟೆಯ ಪಕ್ಕ ಕೊಯ್ದು ಕಿಡ್ನಿಯನ್ನೇ ತೆರೆಯುತ್ತಿದ್ದ ಕಾಲವನ್ನು ನನ್ನ ಹಿರಿಯ ಸಹೋದ್ಯೋಗಿಗಳು ಕಂಡಿದ್ದರು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್ ಎಂಬಿಬ್ಬರು ಬೆನ್ನಿನ ಚರ್ಮದಿಂದ ಕಿಡ್ನಿಯೊಳಕ್ಕೆ ಒಂದು ಸಣ್ಣ ದಾರಿ ಮಾಡಿ ಅದರ ಮೂಲಕವೇ ಕಲ್ಲು ತೆಗೆದ ವಿಧಾನವನ್ನು ಪ್ರಕಟಿಸಿದರು. ಇಂದು ಪಿಸಿಎನ್‌ಎಲ್ ಎಂದು ಎಲ್ಲರ ಬಾಯಲ್ಲಿರುವುದು ಅದೇ. ಸಾಮಾನ್ಯವಾಗಿ ರೋಗಿಯನ್ನು ಬೋರಲು ಮಲಗಿಸಿ, ಸಿ-ಆರ್ಮ್ ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯನ್ನು ಕಿಡ್ನಿಯೊಳಗೆ ಮೂತ್ರ ಇಳಿಯುವ ಸಣ್ಣ ಬಟ್ಟಲುಗಳಲ್ಲಿ ಒಂದಕ್ಕೆ ತಲುಪಿಸಿ, ಸೂಜಿಯೊಳಗಿಂದ ತಂತಿ ಇಳಿಸಿ, ತಂತಿಯ ಮೇಲೆ ದಾರಿಯನ್ನು ಹಂತಹಂತವಾಗಿ ಅಗಲ ಮಾಡಿ, ಕೊನೆಗೆ ಒಂದು ಕೊಳವೆ ಕೂರಿಸುತ್ತಾರೆ. ಕೊಳವೆಯ ಅಳತೆಯನ್ನು ಫ್ರೆಂಚ್ ಎಂಬ ಮಾನದಲ್ಲಿ ಹೇಳುವುದು ರೂಢಿ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್ ವ್ಯಾಸ, ಆದ್ದರಿಂದ 30 ಫ್ರೆಂಚ್ ಕೊಳವೆ ಒಂದು ಸೆಂಟಿಮೀಟರ್ ಅಗಲ. ಮಿನಿ ಪಿಸಿಎನ್‌ಎಲ್ ಎನ್ನುವುದರಲ್ಲಿ ಕೊಳವೆ ಅದರ ಅರ್ಧದ ಆಸುಪಾಸು. ಆ ಕೊಳವೆಯೊಳಗಿಂದ ದುರ್ಬೀನು ಹಾಕಿ, ಗಾಳಿಯ ಒತ್ತಡದ ಸುತ್ತಿಗೆಯಿಂದಲೋ ಲೇಸರಿನಿಂದಲೋ ಕಲ್ಲನ್ನು ಒಡೆದು, ಸಲೈನ್ ನೀರು ಹರಿಸುತ್ತಾ ಚೂರುಗಳನ್ನು ಹೊರತೆಗೆಯುತ್ತಾರೆ. ಎರಡು ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳಿಗೆ ವೈದ್ಯರು ಮೊದಲು ಹೇಳುವ ಚಿಕಿತ್ಸೆ ಇಂದಿಗೂ ಇದೇ.

"ಸಕ್ಸೆಸ್ ಎಷ್ಟು ಪರ್ಸೆಂಟ್ ಡಾಕ್ಟ್ರೇ?" ಎಂದು ನಾವೆಲ್ಲ ಕೇಳುತ್ತೇವೆ. ಆದರೆ ಸಕ್ಸೆಸ್ ಎಂದರೆ ಏನು ಎಂದು ಯಾರೂ ಕೇಳುವುದಿಲ್ಲ. ವೈದ್ಯರ ಭಾಷೆಯಲ್ಲಿ ಅದು 'ಸ್ಟೋನ್ ಫ್ರೀ', ಅಂದರೆ ಕಲ್ಲು ಉಳಿದಿಲ್ಲ ಎಂಬ ಸ್ಥಿತಿ. ಕೆಲವರು ಒಂದು ಚೂರೂ ಇರಬಾರದು ಎನ್ನುತ್ತಾರೆ, ಕೆಲವರು 4 ಮಿಲಿಮೀಟರಿಗಿಂತ ಚಿಕ್ಕ ಚೂರು ಉಳಿದರೂ ನೋವಾಗಲಿ ಸೋಂಕಾಗಲಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಸಾಧಾರಣ ಕಾಳುಮೆಣಸಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು, ಯಾವ ಕಣ್ಣಿನಿಂದ ನೋಡಿ ಹೇಳುತ್ತಿದ್ದಾರೆ ಎಂಬುದು. ಆಪರೇಷನ್ ಮರುದಿನ ತೆಗೆಯುವ ಸಾದಾ ಎಕ್ಸ್-ರೇಯಲ್ಲಿ ಯೂರಿಕ್ ಆಮ್ಲದ ಕಲ್ಲುಗಳು ಕಾಣುವುದೇ ಇಲ್ಲ, ಕಾಣುವ ಜಾತಿಯ ಕಲ್ಲುಗಳೂ ಕರುಳಿನ ಗ್ಯಾಸಿನ ಹಿಂದೆ ಅಡಗಿಕೊಳ್ಳುತ್ತವೆ. ಹಿಂದಿನ ರಾತ್ರಿ ಭೇದಿ ಮಾತ್ರೆ ನುಂಗಿ ಬನ್ನಿ ಎಂದು ನಾನು ರೋಗಿಗಳಿಗೆ ದಿನಾ ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಅಲ್ಟ್ರಾಸೌಂಡ್ ಸಣ್ಣ ಚೂರುಗಳನ್ನು ತಪ್ಪಿಸುತ್ತದೆ. ಬಣ್ಣದ ಇಂಜೆಕ್ಷನ್ ಇಲ್ಲದ ಸಿಟಿ ಮಾತ್ರ ಒಂದೆರಡು ಮಿಲಿಮೀಟರಿನದನ್ನೂ ಹಿಡಿಯುತ್ತದೆ. ಹಾಗಾಗಿ ಅದೇ ರೋಗಿ ಎಕ್ಸ್-ರೇಯ ಪ್ರಕಾರ ಯಶಸ್ವಿಯಾಗಿ, ಸಿಟಿಯ ಪ್ರಕಾರ ಆಗದೇ ಇರಬಹುದು. ಬಾವನಿಗೆ ಆದದ್ದು ಎಕ್ಸ್-ರೇ, ನನಗೆ ಆದದ್ದು ಸಿಟಿ. ಈ ಸೂಕ್ಷ್ಮವನ್ನು ನಾನು ಜಗಲಿಯಲ್ಲಿ ಒಮ್ಮೆ ಎತ್ತಿದ್ದೆ. ಅಕ್ಕ ಮುಖ ನೋಡಿದ ರೀತಿಗೆ ಅಲ್ಲಿಗೇ ಬಿಟ್ಟೆ.

ಸ್ಕ್ಯಾನಿನ ವಿಷಯದಲ್ಲಿ ನನ್ನ ಸ್ವಂತ ತಪ್ಪೂ ಇದೆ. ಮೊದಲ ಬಾರಿ ಸೊಂಟದ ಮೇಲೆ ನೋವು ಬಂದಾಗ ಹತ್ತಿರದ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಅಲ್ಟ್ರಾಸೌಂಡ್ ಮಾಡಿಸಿದೆ. ವರದಿಯಲ್ಲಿ 11 ಮಿಲಿಮೀಟರಿನ ಒಂದು ಕಲ್ಲು ಎಂದಿತ್ತು. ಅದು ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಹಣ್ಣು ಹರಡಿತ್ತು, ಆಳುಗಳು ಸಿಗುವುದೇ ಕಷ್ಟವಾಗಿತ್ತು, ಜೊತೆಗೆ ಹೂಮಳೆ ಬಿದ್ದ ಮೇಲೆ ನೋಡೋಣ ಎಂದುಕೊಳ್ಳಲು ಆ ವರದಿ ಅನುಕೂಲಕರವಾಗಿತ್ತು. ಅಲ್ಟ್ರಾಸೌಂಡಿನಲ್ಲಿ ಕಲ್ಲಿನ ಮುಂಭಾಗ ಬೆಳ್ಳಗೆ ಹೊಳೆದು ಅದರ ಹಿಂದೆ ನೆರಳು ಬೀಳುತ್ತದೆ, ನೆರಳಿನಲ್ಲಿ ಇನ್ನೇನಿದೆ ಎಂಬುದು ಕಾಣುವುದಿಲ್ಲ ಎಂದು ಗೊತ್ತಿದ್ದ ನಾನು, ಬೇರೆಯವರಿಗಾದರೆ ಸಿಟಿ ಮಾಡಿಸಿ ಎಂದು ಹೇಳುತ್ತಿದ್ದೆ. ಏಪ್ರಿಲ್‌ನಲ್ಲಿ ಸಿಟಿ ಆದಾಗ ಕಂಡದ್ದು ಒಂಟಿ ಕಲ್ಲಲ್ಲ, ಕವಲೊಡೆದ ಕಲ್ಲು.

ನಮ್ಮ ಕಡೆಯ ಹಳೆಯ ಮನೆಗಳ ಗೋಡೆಯಲ್ಲಿ ಕಡವೆಯ ಕೊಂಬು ನೋಡಿದವರಿಗೆ ಈ ಕವಲನ್ನು ವಿವರಿಸುವುದು ಸುಲಭ. ಕಿಡ್ನಿಯೊಳಗೆ ಮೂತ್ರ ಮೊದಲು ಸಣ್ಣಸಣ್ಣ ಬಟ್ಟಲುಗಳಿಗೆ ಇಳಿದು, ಬಟ್ಟಲಿನ ಕುತ್ತಿಗೆಯ ಮೂಲಕ ನಡುವಿನ ಅಗಲವಾದ ಕುಳಿಗೆ ಬಂದು, ಅಲ್ಲಿಂದ ಮೂತ್ರನಾಳಕ್ಕೆ ಹೋಗುತ್ತದೆ. ಬಟ್ಟಲಿಗೆ ಕ್ಯಾಲಿಕ್ಸ್ ಎಂದೂ ಕುಳಿಗೆ ಪೆಲ್ವಿಸ್ ಎಂದೂ ವರದಿಗಳಲ್ಲಿ ಬರೆದಿರುತ್ತದೆ. ಕಲ್ಲು ಕುಳಿಯಲ್ಲಿ ಬೆಳೆದು ಬಟ್ಟಲುಗಳೊಳಗೂ ಕೈಚಾಚಿದರೆ ಅದರ ಆಕಾರ ನೇರವಾಗಿ ಕೊಂಬಿನದೇ. ವೈದ್ಯರು ಇಟ್ಟಿರುವ ಹೆಸರೂ ಅದೇ, ಸ್ಟ್ಯಾಗ್‌ಹಾರ್ನ್. ಬಾವನದು 22 ಮಿಲಿಮೀಟರಿನ ಒಂದೇ ಕಲ್ಲು, ನಡುಕುಳಿಯಲ್ಲಿ, ಅಂದರೆ ಅಂಗಳದ ಮಧ್ಯದಲ್ಲಿ ಬಿದ್ದಂತೆ. ಕೆಳಗಿನ ಬಟ್ಟಲಿನಿಂದ ಒಳಹೊಕ್ಕ ದುರ್ಬೀನು ನೇರವಾಗಿ ಅದನ್ನು ತಲುಪಿತು. ನನ್ನದು ಕುಳಿಯಿಂದ ಹೊರಟು ಕೆಳಗಿನ ಎರಡು ಬಟ್ಟಲುಗಳಿಗೆ ಇಳಿದಿತ್ತು, ಅವುಗಳಲ್ಲಿ ಒಂದರ ಕುತ್ತಿಗೆ ಕಿರಿದಾಗಿತ್ತು. ಒಂದು ದಾರಿಯಿಂದ ಹೋದ ನೇರವಾದ, ಬಾಗದ ಲೋಹದ ದುರ್ಬೀನು ಪಕ್ಕದ ಕೋಣೆಯ ಮೂಲೆಯನ್ನು ನೋಡಬೇಕೆಂದರೆ ಕಿಡ್ನಿಯನ್ನೇ ಬಲವಂತವಾಗಿ ಬಗ್ಗಿಸಬೇಕು. ಹಾಗೆ ಬಗ್ಗಿಸಿದರೆ ಕುತ್ತಿಗೆ ಹರಿದು ರಕ್ತ ಬರುತ್ತದೆ. ಎರಡನೆಯ ದಾರಿ ಮಾಡಬಹುದು, ಆದರೆ ದಾರಿ ಹೆಚ್ಚಿದಷ್ಟೂ ರಕ್ತಸ್ರಾವದ ಸಾಧ್ಯತೆಯೂ ಹೆಚ್ಚು.

ಇದನ್ನು ಅಳೆಯಲು ಲಂಡನ್ನಿನ ಗೈಸ್ ಆಸ್ಪತ್ರೆಯ ತಂಡವೊಂದು 2011ರಲ್ಲಿ ಸರಳವಾದ ನಾಲ್ಕು ದರ್ಜೆಗಳನ್ನು ಪ್ರಕಟಿಸಿತು. ಕಿಡ್ನಿಯ ರಚನೆ ಸರಿಯಿದ್ದು ನಡುಕುಳಿಯಲ್ಲೋ ಮಧ್ಯದ ಅಥವಾ ಕೆಳಗಿನ ಬಟ್ಟಲಿನಲ್ಲೋ ಒಂದೇ ಕಲ್ಲಿದ್ದರೆ ಮೊದಲ ದರ್ಜೆ. ಮೇಲಿನ ಬಟ್ಟಲಿನ ಒಂಟಿ ಕಲ್ಲು ಅಥವಾ ಹಲವು ಕಲ್ಲುಗಳಾದರೆ ಎರಡು. ಕೊಂಬಿನ ಒಂದು ಭಾಗವಷ್ಟೇ ಆಗಿದ್ದರೆ ಮೂರು. ಕಿಡ್ನಿ ತುಂಬಾ ಪೂರ್ತಿ ಕೊಂಬಾದರೆ, ಇಲ್ಲವೇ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಯಾವ ಕಲ್ಲಾದರೂ ಸರಿ, ನಾಲ್ಕು. ಅವರು ಗಮನಿಸಿದ 100 ಶಸ್ತ್ರಚಿಕಿತ್ಸೆಗಳಲ್ಲಿ ಕಲ್ಲು ಪೂರ್ತಿ ಹೋದ ಪ್ರಮಾಣ ಮೊದಲ ದರ್ಜೆಯಲ್ಲಿ ಶೇ. 81, ಎರಡನೆಯದರಲ್ಲಿ ಶೇ. 72.4, ಮೂರನೆಯದರಲ್ಲಿ ಶೇ. 35, ನಾಲ್ಕನೆಯದರಲ್ಲಿ ಶೇ. 29. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಅಂಕಿಗಳು ಬೇರೆಯಾಗುತ್ತವೆ, ಆದರೆ ಇಳಿಜಾರು ಹೀಗೆಯೇ ಇರುತ್ತದೆ. ಬಾವ ಒಂದನೆಯ ದರ್ಜೆ, ನಾನು ಮೂರನೆಯದು. ಒಂದೇ ವೈದ್ಯರ ಕೈಯಲ್ಲಿ ನಾವಿಬ್ಬರೂ ಬೇರೆ ಬೇರೆ ಪರೀಕ್ಷೆ ಬರೆದವರು.

ಕಲ್ಲಿನ ಗಟ್ಟಿತನವನ್ನೂ ಸಿಟಿ ಹೇಳುತ್ತದೆ. ಅದರ ಮಾನಕ್ಕೆ ಹೌನ್ಸ್‌ಫೀಲ್ಡ್ ಎಂದು ಹೆಸರು. ಸಿಟಿ ಯಂತ್ರವನ್ನು ರೂಪಿಸಿ 1979ರಲ್ಲಿ ನೊಬೆಲ್ ಹಂಚಿಕೊಂಡ ಎಂಜಿನಿಯರನ ಹೆಸರದು, ನಮ್ಮ ವೃತ್ತಿಯವರಿಗೆ ಮನೆದೇವರಿದ್ದಂತೆ. ನೀರು ಸೊನ್ನೆ, ಗಾಳಿ ಮೈನಸ್ 1000. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯವಾಗಿ 500ರ ಒಳಗೆ, ಗಟ್ಟಿಯಾದ ಕ್ಯಾಲ್ಸಿಯಂ ಆಕ್ಸಲೇಟ್ 1000 ದಾಟುತ್ತದೆ. ಈ ಅಂಕಿ ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಕೊಯ್ಯದೆ ಹೊರಗಿನಿಂದಲೇ ತರಂಗ ಹೊಡೆದು ಪುಡಿಮಾಡುವ ಚಿಕಿತ್ಸೆಯಲ್ಲಿ. ಅಲ್ಲಿ 1000 ಮೀರಿದ ಕಲ್ಲು, ಚರ್ಮದಿಂದ ಹತ್ತು ಸೆಂಟಿಮೀಟರಿಗಿಂತ ಆಳದಲ್ಲಿರುವ ಕಲ್ಲು, ಎರಡೂ ಕೆಟ್ಟ ಲಕ್ಷಣಗಳು. ದಾರಿ ಮಾಡಿ ನೇರವಾಗಿ ಕಲ್ಲನ್ನು ಮುಟ್ಟುವ ಪಿಸಿಎನ್‌ಎಲ್‌ನಲ್ಲಿ ಗಟ್ಟಿಕಲ್ಲು ಹೆಚ್ಚು ಸಮಯ ತಿನ್ನುತ್ತದೆಯೇ ಹೊರತು ತಾನಾಗಿ ಸೋಲಿಸುವುದಿಲ್ಲ. ಆದರೂ 2013ರಲ್ಲಿ ಬಂದ ಇನ್ನೊಂದು ಅಂಕಪದ್ಧತಿ ಗಾತ್ರ, ಚರ್ಮದಿಂದ ಕಲ್ಲಿಗಿರುವ ದೂರ, ಮೂತ್ರದ ಹರಿವಿಗೆ ಅಡಚಣೆ, ಎಷ್ಟು ಬಟ್ಟಲುಗಳಲ್ಲಿ ಕಲ್ಲಿದೆ ಎಂಬುದರ ಜೊತೆಗೆ ಗಟ್ಟಿತನವನ್ನೂ ಸೇರಿಸಿದೆ. ಕಿಡ್ನಿ ಸ್ವಲ್ಪ ಊದಿಕೊಂಡಿದ್ದರೆ ಸೂಜಿಗೆ ಬಟ್ಟಲು ಸುಲಭವಾಗಿ ಸಿಗುತ್ತದೆ. ದಪ್ಪ ಮೈಯವರಿಗೆ ದಾರಿ ಉದ್ದ, ಮೊದಲೊಮ್ಮೆ ತೆರೆದ ಆಪರೇಷನ್ ಆದವರಿಗೆ ಒಳಗಿನ ಗಾಯ ಗಟ್ಟಿಯಾಗಿ ದಾರಿ ಅಗಲಿಸುವುದು ಕಷ್ಟ. ಆದರೆ ಇವು ಕೆಲಸವನ್ನು ಕಠಿಣ ಮಾಡುವಷ್ಟು ಫಲಿತಾಂಶವನ್ನು ಕೆಡಿಸುವುದಿಲ್ಲ.

ಸೋಂಕಿನ ವಿಷಯವನ್ನು ಮಾತ್ರ ಹೀಗೆ ಹಗುರವಾಗಿ ಹೇಳಿ ಮುಂದೆ ಹೋಗಲಾರೆ. ನಾನು ಆಪರೇಷನ್‌ಗೆಂದು ಮಗನ ಜೊತೆ ಮುಂಜಾನೆ ನಾಲ್ಕಕ್ಕೆ ಹೊರಟು, ಕುಶಾಲನಗರ ದಾಟುವಾಗ ಬೆಳಕಾಗಿ, ಮೈಸೂರು ತಲುಪಿದರೆ, ಹಿಂದಿನ ವಾರ ಕೊಟ್ಟ ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಒಂದು ವಾರ ಆ್ಯಂಟಿಬಯೋಟಿಕ್ ತೆಗೆದುಕೊಂಡು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ನೂರು ಕಿಲೋಮೀಟರಿಗೂ ಮೇಲೆ ಬಂದವನನ್ನು ಹೀಗೆ ಕಳುಹಿಸುವುದೇ ಎಂದು ನಾನು ನರ್ಸಮ್ಮನ ಮೇಲೆ ದನಿ ಏರಿಸಿದೆ. ಈಗ ನಾಚಿಕೆಯಾಗುತ್ತದೆ. ಕಲ್ಲು ಒಡೆಯುವಾಗ ಅದರ ಪದರಗಳೊಳಗೆ ಅವಿತಿದ್ದ ಬ್ಯಾಕ್ಟೀರಿಯಾ ಹೊರಬೀಳುತ್ತವೆ, ಒತ್ತಡದಲ್ಲಿ ಹರಿಯುವ ಸಲೈನ್ ಅವನ್ನು ರಕ್ತಕ್ಕೆ ತಳ್ಳಬಲ್ಲದು. ಆಮೇಲೆ ಬರುವ ಚಳಿಜ್ವರ, ಬಿ.ಪಿ. ಇಳಿತ ಜೀವಕ್ಕೇ ಕುತ್ತಾಗಬಹುದು. ಮೂತ್ರಕೋಶದ ಮೂತ್ರ ಶುದ್ಧವೆಂದು ಬಂದರೂ ಕಲ್ಲಿನೊಳಗೆ ಸೋಂಕಿರುವುದುಂಟು, ಅದಕ್ಕೇ ಎಚ್ಚರವಿರುವ ವೈದ್ಯರು ಕಲ್ಲಿನ ಚೂರನ್ನೂ ಕಲ್ಚರ್‌ಗೆ ಕಳುಹಿಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ಕೊಂಬಿನಾಕಾರದ ಕಲ್ಲಿರುವವರಿಗೆ ಈ ಅಪಾಯ ಹೆಚ್ಚು. ನನಗೆ ಸಕ್ಕರೆಯೂ ಇತ್ತು, ಕೊಂಬೂ ಇತ್ತು.

ಇನ್ನು ಕೈಗುಣ. ಅದು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಆದರೆ ಅದು ದೈವದತ್ತವಲ್ಲ, ಎಣಿಕೆಯದು. ಈ ಶಸ್ತ್ರಚಿಕಿತ್ಸೆಯಲ್ಲಿ ಒಬ್ಬ ವೈದ್ಯ ಸ್ವತಂತ್ರವಾಗಿ ಪಳಗಲು ಸುಮಾರು 60 ಶಸ್ತ್ರಚಿಕಿತ್ಸೆಗಳಾದರೂ ಬೇಕು ಎಂಬ ಮಾತು ಆ ವಲಯದಲ್ಲಿ ಪ್ರಚಲಿತ. ಪಳಗುವಿಕೆ ಕಾಣುವುದು ಕಲ್ಲು ಒಡೆಯುವುದರಲ್ಲಲ್ಲ, ಸೂಜಿ ಹಾಕುವುದರಲ್ಲಿ. ಸೂಜಿ ಬಟ್ಟಲಿನ ತುದಿಯಿಂದ ಒಳಹೊಕ್ಕರೆ ದೊಡ್ಡ ರಕ್ತನಾಳಗಳು ತಪ್ಪುತ್ತವೆ. ಕುತ್ತಿಗೆಗೋ ನೇರವಾಗಿ ಕುಳಿಗೋ ಚುಚ್ಚಿದರೆ ರಕ್ತ. ಮೇಲಿನ ಬಟ್ಟಲನ್ನು ತಲುಪಲು ಕೊನೆಯ ಪಕ್ಕೆಲುಬುಗಳ ಮೇಲಿಂದ ಹೋದರೆ ಶ್ವಾಸಕೋಶದ ಪೊರೆಗೆ ತಾಗುವ ಭಯ. ರಕ್ತ ಬಂದರೆ ಸಲೈನ್ ಕೆಂಪಾಗಿ ಪರದೆಯಲ್ಲಿ ಏನೂ ಕಾಣುವುದಿಲ್ಲ. ಆಗ ಒಳ್ಳೆಯ ವೈದ್ಯ ನಿಲ್ಲಿಸುತ್ತಾನೆ. ನನ್ನ ವೈದ್ಯರೂ ಅಲ್ಲಿಗೇ ನಿಲ್ಲಿಸಿದರು. ಕಿರಿದಾದ ಕುತ್ತಿಗೆಯ ಬಟ್ಟಲಿನಲ್ಲಿ 7 ಮಿಲಿಮೀಟರಿನ ಒಂದು ತುಂಡು ಇದೆ ಎಂದು ಗೊತ್ತಿದ್ದೇ ಬಿಟ್ಟುಬಂದರು. ಆ ದಿನ ಅದು ನನಗೆ ಸೋಲಿನಂತೆ ಕೇಳಿಸಿತ್ತು. ಆಮೇಲೆ ವಾರ್ಡಿನಲ್ಲಿ ಪಕ್ಕದ ಮಂಚದವರಿಗೆ ಮೂರು ಬಾಟಲಿ ರಕ್ತ ಏರಿಸಿ, ಮನೆಗೆ ಹೋದ ಹತ್ತು ದಿನಕ್ಕೆ ಮತ್ತೆ ರಕ್ತ ಕಂಡು ಬಂದದ್ದನ್ನು ನೋಡಿದೆ. ನೂರರಲ್ಲಿ ಒಬ್ಬರ ಆಸುಪಾಸು ಹೀಗೆ ತಡವಾಗಿ ರಕ್ತಸ್ರಾವವಾಗಿ, ರಕ್ತನಾಳದ ಒಳಗಿನಿಂದ ಅದನ್ನು ಮುಚ್ಚಬೇಕಾಗುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ಮಾತ್ರೆ ನುಂಗುವವರು ಮೊದಲ ಭೇಟಿಯಲ್ಲೇ ಅದನ್ನು ಹೇಳದಿದ್ದರೆ ಯಾವ ಕೈಗುಣವೂ ಸಾಲದು. ತಾವಾಗಿಯೇ ನಿಲ್ಲಿಸುವುದೂ ತಪ್ಪು, ಹೃದಯದ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಕೊಡಗಿನವರಿಗೆ ಇನ್ನೊಂದು ಅಂಶವಿದೆ, ಅದು ಯಾವ ಅಂಕಪದ್ಧತಿಯಲ್ಲೂ ಇಲ್ಲ: ದೂರ. ಆಪರೇಷನ್ ಆದಮೇಲೆ ಕಿಡ್ನಿಯಿಂದ ಮೂತ್ರಕೋಶದವರೆಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಟ್ಟು, ಕೆಲವು ವಾರಗಳ ನಂತರ ತೆಗೆಯಲು ಬರಹೇಳುತ್ತಾರೆ. ನೋವು ಹೋಗಿರುತ್ತದೆ, ಮಡಿಕೇರಿಯಿಂದಾದರೆ ಮೈಸೂರು 120 ಕಿಲೋಮೀಟರ್, ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಕಡೆಯ ಮಂಗಳೂರು ರಸ್ತೆಯ ಪಾಡು 2018ರಲ್ಲಿ ನೋಡಿದ್ದೇವೆ, ಆದ್ದರಿಂದ ಆಮೇಲೆ ಹೋದರಾಯಿತು ಎನಿಸುತ್ತದೆ. ನಾನು ಕೆಲಸದಲ್ಲಿದ್ದಾಗ ತೋಟದ ಲೈನ್‌ಮನೆಯಿಂದ ಬಂದ ಹೆಂಗಸೊಬ್ಬಳ ಹೊಟ್ಟೆಯ ಎಕ್ಸ್-ರೇ ತೆಗೆದಿದ್ದೆ. ಬೇರೆ ಕಾರಣಕ್ಕೆ ತೆಗೆದದ್ದು. ಫಿಲಂ ತೊಳೆದು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಸುರುಳಿಯಾದ ಸ್ಟೆಂಟ್, ಅದರ ಮೇಲಿನ ಸುರುಳಿಯ ಸುತ್ತ ಕಲ್ಲು ಗೂಡುಕಟ್ಟಿತ್ತು. ಯಾವಾಗ ಹಾಕಿದ್ದು ಎಂದು ಕೇಳಿದರೆ, ಹಿಂದಿನ ತೋಟದಲ್ಲಿದ್ದಾಗ ಎಂದಳು. ಒಳಗೆ ಕೊಳವೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತೋ ಏನೋ, ಚೀಟಿ ಲೈನ್‌ಮನೆಯ ಮಾಡು ಸೋರಿ ಒದ್ದೆಯಾಗಿ ಹೋಗಿತ್ತು. ಆ ಆಪರೇಷನ್ ಯಾವುದೋ ಆಸ್ಪತ್ರೆಯ ಲೆಕ್ಕದಲ್ಲಿ ಯಶಸ್ವಿ ಎಂದೇ ಬರೆದಿರುತ್ತದೆ.

ನನ್ನ 7 ಮಿಲಿಮೀಟರಿನ ತುಂಡಿಗೆ ಮಳೆಗಾಲ ಮುಗಿದ ಮೇಲೆ ಎರಡನೆಯ ಚಿಕಿತ್ಸೆಯಾಯಿತು. ಈ ಬಾರಿ ಬೆನ್ನಿನಿಂದಲ್ಲ, ಮೂತ್ರದ ದಾರಿಯಿಂದಲೇ ಬಾಗುವ ದುರ್ಬೀನು ಕಳುಹಿಸಿ ಲೇಸರಿನಿಂದ ಪುಡಿಮಾಡುವ ಆರ್‌ಐಆರ್‌ಎಸ್. ಇದರಲ್ಲೂ ಕೆಳಗಿನ ಬಟ್ಟಲೇ ತಲೆನೋವು. ಬಟ್ಟಲಿನ ಕುತ್ತಿಗೆ ಮತ್ತು ಕುಳಿಯ ನಡುವಿನ ಕೋನ 30 ಡಿಗ್ರಿಗಿಂತ ಕಡಿಮೆಯಿದ್ದರೆ ದುರ್ಬೀನು ಅಷ್ಟು ಬಗ್ಗುವುದು ಕಷ್ಟ, ಬಗ್ಗಿ ಪುಡಿಮಾಡಿದರೂ ಪುಡಿ ಮೇಲಕ್ಕೆ ಹತ್ತಿ ಹೊರಬರಬೇಕು. ನನ್ನ ಕೋನ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು ಎಂದು ವೈದ್ಯರು ಮಾನಿಟರಿನ ಮೇಲೆ ಗೆರೆ ಎಳೆದು ತೋರಿಸಿದರು. ಮೂರು ತಿಂಗಳ ಬಳಿಕದ ಸಿಟಿಯಲ್ಲಿ 2 ಮಿಲಿಮೀಟರಿನ ಒಂದು ಬಿಳಿಚುಕ್ಕೆ ಉಳಿದಿದೆ. 4 ಮಿಲಿಮೀಟರಿನ ಲೆಕ್ಕ ಹಿಡಿಯುವವರಿಗೆ ನಾನು ಸ್ಟೋನ್ ಫ್ರೀ, ಸೊನ್ನೆಯ ಲೆಕ್ಕ ಹಿಡಿಯುವವರಿಗೆ ಅಲ್ಲ. ನೋವಿಲ್ಲ. ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಕುಡಿಯಬೇಕು ಎಂದಿದ್ದಾರೆ. ಕರ್ಕಾಟಕದ ಚಳಿಮಳೆಯಲ್ಲಿ ಬಾಯಾರಿಕೆಯೇ ಇಲ್ಲದೆ ಅಷ್ಟು ನೀರು ಇಳಿಸುವುದು ಎಷ್ಟು ಕಷ್ಟವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ನನ್ನ ಚೂರುಗಳನ್ನು ವಿಶ್ಲೇಷಣೆಗೆ ಕಳುಹಿಸಿದ್ದರು. ಯಾವ ಜಾತಿಯ ಕಲ್ಲೆಂದು ತಿಳಿದರೆ ಮತ್ತೆ ಬಾರದಂತೆ ಏನು ಮಾಡಬೇಕೆಂದು ಹೇಳಬಹುದು, ಏಕೆಂದರೆ ಏನೂ ಮಾಡದೆ ಕುಳಿತವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷದೊಳಗೆ ಇನ್ನೊಂದು ಕಲ್ಲು ಬರುತ್ತದೆ. ಬಾವ ಮಾತ್ರ ಡಬ್ಬಿಯನ್ನು ಲ್ಯಾಬಿಗೆ ಕೊಡಲು ಒಪ್ಪಿರಲಿಲ್ಲ. ಮೊನ್ನೆ ಹುತ್ತರಿ ಹಬ್ಬಕ್ಕೆ ಹೋದಾಗ ಮತ್ತೆ ಆ ವಿಷಯ ತೆಗೆದೆ. ಬಹಳ ಹೊತ್ತು ಡಬ್ಬಿಯನ್ನು ತಿರುಗಿಸಿ ನೋಡಿ, "ದೊಡ್ಡದೆರಡನ್ನು ಮುಟ್ಟಬೇಡ, ತಳದ ಪುಡಿ ಬೇಕಾದರೆ ತಗೊಂಡು ಹೋಗು" ಎಂದರು. ಪುಡಿಯೇ ಸಾಕು ಎಂದು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಬಂದಿದ್ದೇನೆ.